ಮೊದಲ ಮಾತ್ರೆಗೂ ಮುಂಚಿನ ತಿಂಗಳುಗಳು

"ಇದು ಯಾವಾಗಿನಿಂದ ಶುರುವಾಯಿತು?" ಮನೋವೈದ್ಯರ ಕೋಣೆಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ ಅನ್ನಿಸುತ್ತದೆ. ಉತ್ತರ ಮಾತ್ರ ಸುಲಭವಲ್ಲ. ಮದ್ದೂರಿನ ಕಡೆಯಿಂದ ಮಗನನ್ನು ಮೈಸೂರಿಗೆ ಕರೆತಂದ ತಂದೆಯೊಬ್ಬರನ್ನು ನೆನೆಸಿಕೊಳ್ಳಿ. "ಹದಿನೈದು ದಿನ ಆಯ್ತು ಸಾರ್" ಅನ್ನುತ್ತಾರೆ ಅವರು. ಹುಡುಗ ಪಕ್ಕದ ಮನೆಯವರ ಮೇಲೆ ಕೂಗಾಡಿದ್ದು ಹದಿನೈದು ದಿನದ ಹಿಂದೆ, ಅಷ್ಟೇ. ವೈದ್ಯರು ಅಲ್ಲಿಗೆ ಬಿಡುವುದಿಲ್ಲ. ಯುಗಾದಿಗೆ ಮನೆಗೆ ಬಂದಾಗ ಹೇಗಿದ್ದ? ಎಲ್ಲರ ಜೊತೆ ಕೂತು ಊಟ ಮಾಡಿದನಾ? ಅದಕ್ಕೂ ಹಿಂದೆ, ದಸರಾ ರಜೆಯಲ್ಲಿ? ಆಗ ತಾಯಿ ಮೆಲ್ಲಗೆ ಬಾಯಿ ಬಿಡುತ್ತಾರೆ. ದಸರಾ ಹೊತ್ತಿಗೇ ಕಾಲೇಜಿಗೆ ಹೋಗೋದು ನಿಲ್ಲಿಸಿದ್ದ. ರಾತ್ರಿ ನಿದ್ದೆ ಇರಲಿಲ್ಲ. ಕಿಟಕಿಗೆ ಪೇಪರ್ ಅಂಟಿಸಿದ್ದ. ಒಬ್ಬನೇ ನಗುತ್ತಿದ್ದ. "ಓದಿನ ಟೆನ್ಷನ್ ಅಂದ್ಕೊಂಡ್ವಿ. ಆಮೇಲೆ ಯಾರೋ ಗಾಳಿ ಅಂದ್ರು, ಯಂತ್ರ ಕಟ್ಟಿಸಿದ್ವಿ."

ಹದಿನೈದು ದಿನ ಎಂದಿದ್ದು ಹೀಗೆ ಎಷ್ಟೋ ತಿಂಗಳಾಗುತ್ತದೆ. ಕಾಯಿಲೆಯ ಲಕ್ಷಣ ಸ್ಪಷ್ಟವಾಗಿ ಕಾಣಿಸಿಕೊಂಡ ದಿನಕ್ಕೂ ಸರಿಯಾದ ಚಿಕಿತ್ಸೆ ಶುರುವಾದ ದಿನಕ್ಕೂ ನಡುವಿನ ಈ ಅಂತರವನ್ನು ಮನೋವೈದ್ಯರು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಅದು ಉದ್ದವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಈಗ ಯೋಚಿಸಿ. ಕೋಣೆಯಲ್ಲಿ ಕೂತ ವೈದ್ಯರು ಎಷ್ಟೇ ನಿಪುಣರಾಗಿರಲಿ, ರೋಗಿ ಒಳಗೆ ಬರುವ ಮೊದಲೇ ಕಳೆದುಹೋದ ತಿಂಗಳುಗಳನ್ನು ಅವರು ವಾಪಸ್ ತರಲಾರರು. ಅವನ್ನು ಉಳಿಸಬೇಕಾದರೆ ಕೋಣೆಯಿಂದ ಹೊರಗೆ ಬರಬೇಕು. ಪಾಠ ಮಾಡಬೇಕು, ಸಂಘ ಕಟ್ಟಬೇಕು, ಸರ್ಕಾರದ ಜೊತೆ ಮಾತಾಡಬೇಕು. ಸೈಕೋಸಿಸ್ ಚಿಕಿತ್ಸೆಗೆ ಜೀವನ ಕೊಟ್ಟ ಮನೋವೈದ್ಯರ ಕೆಲಸದಲ್ಲಿ ಈ ಮೂರೂ ಸೇರಿಕೊಂಡಿರುವುದು ಇದೇ ಕಾರಣಕ್ಕೆ.

ಮೊದಲು ಕಾಯಿಲೆಯನ್ನು ತಿಳಿದುಕೊಳ್ಳೋಣ. ಸೈಕೋಸಿಸ್ ಅಂದರೆ ಒಂದೇ ರೋಗವಲ್ಲ, ಅದೊಂದು ಸ್ಥಿತಿ. ಯಾರೂ ಇಲ್ಲದಾಗ ದನಿ ಕೇಳಿಸುವುದು, ಎಷ್ಟು ಸಾಕ್ಷಿ ತೋರಿಸಿದರೂ ಸಡಿಲವಾಗದ ತಪ್ಪು ನಂಬಿಕೆ ಬೇರೂರುವುದು, ಮಾತಿನ ಎಳೆ ತಪ್ಪುವುದು ಇದರ ಮುಖ್ಯ ಗುರುತುಗಳು. ಇಂಥ ಲಕ್ಷಣಗಳು ದೀರ್ಘಕಾಲ ಕಾಡುವ ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಯಲ್ಲಿ ಇದು ಬರುತ್ತದೆ. ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆಯಲ್ಲಿ, ತೀವ್ರ ಖಿನ್ನತೆಯಲ್ಲಿ, ಹೆರಿಗೆಯಾದ ಮೊದಲ ವಾರಗಳಲ್ಲಿ ಕೆಲವು ಬಾಣಂತಿಯರಲ್ಲಿ, ಗಾಂಜಾ ಸೇದುವವರಲ್ಲಿ, ಕುಡಿತ ಥಟ್ಟನೆ ನಿಲ್ಲಿಸಿದವರಲ್ಲೂ ಬರಬಹುದು. ಮಿದುಳಿನ ಸೋಂಕು, ಥೈರಾಯ್ಡ್ ತೊಂದರೆ, ದೇಹದ ರೋಗನಿರೋಧಕ ಶಕ್ತಿ ಮಿದುಳಿನ ಮೇಲೇ ತಿರುಗಿಬೀಳುವ ಕಾಯಿಲೆಗಳೂ ಹೀಗೇ ಕಾಣಿಸಿಕೊಳ್ಳಬಹುದು. ಅದಕ್ಕೇ ವೈದ್ಯರು ಮೊದಲ ಸಲ ರಕ್ತಪರೀಕ್ಷೆ ಬರೆಯುತ್ತಾರೆ, ಜ್ವರ ಇತ್ತಾ, ಫಿಟ್ಸ್ ಬಂದಿತ್ತಾ ಎಂದು ಕೇಳುತ್ತಾರೆ. ಬೇಕಾದರೆ ಸ್ಕ್ಯಾನ್ ಮಾಡಿಸುತ್ತಾರೆ. ಸುಮ್ನೆ ದುಡ್ಡು ಖರ್ಚು ಮಾಡಿಸುತ್ತಿದ್ದಾರೆ ಅಂದುಕೊಳ್ಳಬೇಡಿ.

ಸ್ಕಿಜೋಫ್ರೇನಿಯಾ ಅಪರೂಪದ ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ. ಹುಡುಗರಲ್ಲಿ ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತೈದರ ಒಳಗೆ ಶುರುವಾಗುತ್ತದೆ, ಹೆಣ್ಣುಮಕ್ಕಳಲ್ಲಿ ಸ್ವಲ್ಪ ತಡವಾಗಿ. ಓದು ಮುಗಿಸುವ, ಕೆಲಸ ಹುಡುಕುವ, ಮದುವೆಯ ಮಾತು ಏಳುವ ವಯಸ್ಸು ಅದು. ಈ ವಯಸ್ಸಿನಲ್ಲಿ ಒಂದು ವರ್ಷ ಹೋದರೆ ಪರೀಕ್ಷೆ ಹೋಗುತ್ತದೆ, ಗೆಳೆಯರು ಮುಂದೆ ಹೋಗುತ್ತಾರೆ, ಊರಲ್ಲಿ ಒಂದು ಹೆಸರು ಅಂಟಿಕೊಳ್ಳುತ್ತದೆ. ಕಾಯಿಲೆ ವಾಸಿಯಾದರೂ ಆ ಹೆಸರು ಹೋಗಲು ಬಹಳ ಕಾಲ ಬೇಕು.

ಮಿದುಳಿನಲ್ಲಿ ಏನಾಗುತ್ತದೆ? ಡೋಪಮಿನ್ ಎಂಬ ರಾಸಾಯನಿಕದ ಒಂದು ಕೆಲಸ, "ಇದು ಮುಖ್ಯ, ಇದನ್ನು ಗಮನಿಸು" ಎಂದು ಮನಸ್ಸಿಗೆ ಸೂಚನೆ ಕೊಡುವುದು. ಸೈಕೋಸಿಸ್‌ನಲ್ಲಿ ಈ ಸೂಚನೆ ಕಾರಣವಿಲ್ಲದೆ ಬರತೊಡಗುತ್ತದೆ. ಯಾರೂ ಒತ್ತದೆಯೇ ಮನೆಯ ಕಾಲಿಂಗ್ ಬೆಲ್ ಮತ್ತೆ ಮತ್ತೆ ಹೊಡೆದುಕೊಂಡ ಹಾಗೆ. ಬೆಲ್ ಆದಮೇಲೆ ಬಾಗಿಲಲ್ಲಿ ಯಾರೋ ಇರಲೇಬೇಕು ಅಂತ ಮನಸ್ಸು ಹುಡುಕುತ್ತದೆ. ಬಸ್ಸಿನಲ್ಲಿ ಯಾರೋ ಕೆಮ್ಮಿದರೆ ಅದು ತನಗೆ ಕೊಟ್ಟ ಸನ್ನೆ. ಟಿವಿಯಲ್ಲಿ ವಾರ್ತೆ ಓದುವವರು ತನ್ನ ಬಗ್ಗೆಯೇ ಹೇಳುತ್ತಿದ್ದಾರೆ. ಸುಳ್ಳು ನಂಬಿಕೆ ಹುಟ್ಟುವುದು ಈ ಹುಡುಕಾಟದಲ್ಲಿ. 2003ರಲ್ಲಿ ಶಿತಿಜ್ ಕಪೂರ್ ಎಂಬ ಮನೋವೈದ್ಯರು ಈ ವಿವರಣೆಯನ್ನು ಸ್ಪಷ್ಟವಾಗಿ ಮುಂದಿಟ್ಟರು. ಮಾತ್ರೆ ಮಾಡುವ ಕೆಲಸವೂ ಇದರಿಂದ ಅರ್ಥವಾಗುತ್ತದೆ. ಅದು ಹಳೆಯ ನಂಬಿಕೆಯನ್ನು ಅಳಿಸುವುದಿಲ್ಲ. ಹೊಸ ಸೂಚನೆ ಬರುವುದನ್ನು ತಗ್ಗಿಸುತ್ತದೆ. ನಂಬಿಕೆ ನಿಧಾನವಾಗಿ ಸಡಿಲವಾಗುತ್ತದೆ, ವಾರಗಳು ಬೇಕು. ಮೂರು ದಿನ ಮಾತ್ರೆ ಕೊಟ್ಟು "ಏನೂ ಆಗಲಿಲ್ಲ" ಅಂತ ನಿಲ್ಲಿಸುವುದು ಅದಕ್ಕೇ ಸರಿಯಲ್ಲ.

ಈ ಔಷಧಿಗಳ ಕಥೆಯಲ್ಲಿ ನಮ್ಮ ನೆಲದ ಪಾಲೂ ಇದೆ. 1931ರಲ್ಲಿ ಕೋಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಸರ್ಪಗಂಧದ ಬೇರು ರಕ್ತದೊತ್ತಡಕ್ಕೂ ಮಾನಸಿಕ ಉದ್ರೇಕಕ್ಕೂ ಉಪಯೋಗವಾಗುವುದನ್ನು ಬರೆದರು. ಅದೇ ಬೇರಿನಿಂದ ತೆಗೆದ ರೆಸರ್ಪಿನ್ 1950ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳನ್ನೂ ತಲುಪಿತು. ಆದರೆ ಹೆಚ್ಚು ಕಾಲ ನಿಂತದ್ದು 1952ರಲ್ಲಿ ಪ್ಯಾರಿಸ್‌ನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್. ಅಲ್ಲಿಂದ ಹ್ಯಾಲೊಪೆರಿಡಾಲ್, ಆಮೇಲೆ ರಿಸ್ಪೆರಿಡೋನ್, ಒಲಾಂಜಪಿನ್ ಹೀಗೆ ಸಾಲು ಬೆಳೆಯಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮಾತ್ರೆ ನುಂಗಿದವರು ನಿಲ್ಲಿಸುವುದು ಸೋಮಾರಿತನದಿಂದಲ್ಲ. ಕೈ ನಡುಗುತ್ತದೆ, ಮೈ ಬಿಗಿಯಾಗುತ್ತದೆ, ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ. ಕೆಲವು ಮಾತ್ರೆಗಳಿಂದ ತೂಕ ಏರುತ್ತದೆ, ಶುಗರ್ ಬರಬಹುದು. ಗಂಡು ಹೆಣ್ಣು ಇಬ್ಬರಲ್ಲೂ ಲೈಂಗಿಕ ತೊಂದರೆಗಳಾಗುತ್ತವೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಳ್ಳೆಯ ವೈದ್ಯರು ಮೊದಲ ಸಲ ಕಾಯಿಲೆ ಬಂದವರಿಗೆ ಕಡಿಮೆ ಡೋಸ್‌ನಿಂದ ಶುರು ಮಾಡುತ್ತಾರೆ. ಈ ತೊಂದರೆಗಳ ಬಗ್ಗೆ ಮೊದಲೇ ಹೇಳುತ್ತಾರೆ. ಸೊಂಟದ ಸುತ್ತಳತೆ, ತೂಕ, ಶುಗರ್ ಬರೆದಿಡುತ್ತಾರೆ. ಚೆನ್ನಾಗಿದ್ದೇನೆ ಅನ್ನಿಸಿದ ಮೇಲೂ ಮಾತ್ರೆ ಯಾಕೆ ಬೇಕು ಎಂದು ವಿವರಿಸಲು ಅವರ ಬಳಿ ಗಟ್ಟಿಯಾದ ಆಧಾರವಿದೆ. ಮೊದಲ ಸಲ ಸ್ಕಿಜೋಫ್ರೇನಿಯಾ ಬಂದವರನ್ನು ಅಮೆರಿಕದಲ್ಲಿ ಐದು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ನೂರರಲ್ಲಿ 82 ಜನಕ್ಕೆ ಕಾಯಿಲೆ ಮರುಕಳಿಸಿತ್ತು. ಔಷಧಿ ಬಿಟ್ಟವರಲ್ಲಿ ಮರುಕಳಿಸುವ ಅಪಾಯ ಸುಮಾರು ಐದು ಪಟ್ಟು ಜಾಸ್ತಿ. ದಿನಾ ಮಾತ್ರೆ ನುಂಗಲು ಆಗದವರಿಗೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಅದನ್ನು ಶಿಕ್ಷೆ ಅನ್ನುವ ಹಾಗೆ ಮನೆಯವರು ಮಾತಾಡಬಾರದು.

ಎರಡು ಔಷಧಿಗಳನ್ನು ಸರಿಯಾಗಿ ಕೊಟ್ಟರೂ ಗುಣ ಕಾಣದವರು ಸುಮಾರು ಮೂರರಲ್ಲಿ ಒಬ್ಬರಿದ್ದಾರೆ. ಅವರಿಗಾಗಿ ಇರುವುದು ಕ್ಲೋಜಪಿನ್. 1975ರಲ್ಲಿ ಫಿನ್ಲೆಂಡಿನಲ್ಲಿ ಇದನ್ನು ಸೇವಿಸಿದ ಕೆಲವರ ಬಿಳಿ ರಕ್ತಕಣ ಕುಸಿದು ಸಾವುಗಳಾದವು. ಹಲವು ದೇಶಗಳಲ್ಲಿ ಔಷಧಿ ಮೂಲೆಗೆ ಸೇರಿತು. 1988ರಲ್ಲಿ ಅಮೆರಿಕದ ಅಧ್ಯಯನವೊಂದು ಚಿತ್ರ ಬದಲಿಸಿತು. ಬೇರೆ ಔಷಧಿಗೆ ಬಗ್ಗದವರಲ್ಲಿ ಕ್ಲೋಜಪಿನ್‌ನಿಂದ ಶೇ. 30ರಷ್ಟು ಜನ ಸುಧಾರಿಸಿದರು, ಕ್ಲೋರ್‌ಪ್ರೊಮಜಿನ್‌ನಿಂದ ಶೇ. 4 ಮಾತ್ರ. ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಮಾಡಿಸಬೇಕೆನ್ನುವುದು ಇದರ ನಿಯಮ. ಕೆ.ಆರ್. ಪೇಟೆಯ ಹಳ್ಳಿಯಿಂದ ವಾರವಾರ ಬಸ್ಸು ಹತ್ತಿ ಬರುವ ಕೂಲಿ ಕುಟುಂಬಕ್ಕೆ ಇದು ಎಷ್ಟು ಭಾರ ಎಂದು ಊಹಿಸಿ. ತಾಲ್ಲೂಕಿನಲ್ಲೇ ರಕ್ತ ಕೊಟ್ಟು ವರದಿಯನ್ನು ಫೋನಿನಲ್ಲಿ ಕಳಿಸುವ ಏರ್ಪಾಡು ಮಾಡಿದರೆ ಎಷ್ಟೋ ಜನ ಚಿಕಿತ್ಸೆಯಲ್ಲಿ ಉಳಿಯುತ್ತಾರೆ. ಔಷಧಿ ಬರೆಯುವಷ್ಟೇ ಮುಖ್ಯವಾದ ಕೆಲಸ ಇದು ಎಂದು ನಾನು ನಂಬುತ್ತೇನೆ.

ಮನೆಯವರ ಪಾತ್ರವನ್ನು ಮನೋವೈದ್ಯರಿಗೆ ಕಲಿಸಿದ ಪ್ರಯೋಗಗಳಲ್ಲಿ ದೊಡ್ಡದೊಂದು ನಮ್ಮ ದೇಶದಲ್ಲೇ ಆಯಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲೇ ಡೇರೆ ಹಾಕಿಸಿದರು. ರೋಗಿಯ ಜೊತೆ ಮನೆಯವರೂ ಅಲ್ಲೇ ಉಳಿದರು. ರೋಗಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಹೋಗುವ ಪದ್ಧತಿ ಕಡಿಮೆಯಾಯಿತು, ಜನ ಬೇಗ ಮನೆಗೆ ಮರಳಿದರು, ಕಾಯಿಲೆ ಅಂದರೆ ಏನು ಎಂದು ಮನೆಯವರೂ ಕಣ್ಣಾರೆ ಕಂಡರು. ಮುಂದೆ ಲಂಡನ್ನಿನ ಸಂಶೋಧಕರು ಇನ್ನೊಂದು ಸಂಗತಿ ಕಂಡುಕೊಂಡರು. ಸದಾ ಟೀಕೆ, ಸಿಟ್ಟು ಅಥವಾ ಅತಿಯಾದ ಮುಚ್ಚಟೆ ಇರುವ ಮನೆಗೆ ಮರಳಿದವರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತಿತ್ತು. ಇದರರ್ಥ ಮನೆಯವರು ಕಾಯಿಲೆ ತಂದರು ಅಂತ ಖಂಡಿತ ಅಲ್ಲ. ಆ ಅಪವಾದ ಬಹಳ ತಾಯಂದಿರನ್ನು ಸುಟ್ಟಿದೆ. "ಏಳೋ ಸೋಂಬೇರಿ, ಬೆಳಗಾಯ್ತು" ಎಂದು ದಿನಾ ಕೇಳಿಸಿಕೊಳ್ಳುವ ಹುಡುಗ ನಿಜಕ್ಕೂ ಸೋಮಾರಿಯಲ್ಲ, ಉತ್ಸಾಹ ಬತ್ತುವುದೂ ಕಾಯಿಲೆಯ ಲಕ್ಷಣವೇ ಎಂದು ಯಾರೂ ಮನೆಯವರಿಗೆ ಹೇಳಿರುವುದಿಲ್ಲ. ಹೇಳಿದರೆ ಮನೆಯ ಮಾತು ಬದಲಾಗುತ್ತದೆ.

ಇನ್ನು ಪಾಠ. ಮೈಸೂರಿಗೆ ಮನಸ್ಸಿನ ವಿಷಯ ಕಲಿಸುವುದು ಹೊಸದಲ್ಲ. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಆರಂಭಿಸಿದರು. 1935ರಲ್ಲಿ ತಮ್ಮ ಮನೆಯಿಂದಲೇ "ಆಕಾಶವಾಣಿ" ಶುರುಮಾಡಿದ ಅದೇ ಗೋಪಾಲಸ್ವಾಮಿ. ಅದೇ 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಆದರೆ ಇವತ್ತಿಗೂ ಎಂಬಿಬಿಎಸ್‌ನಲ್ಲಿ ಮನೋವೈದ್ಯಕೀಯಕ್ಕೆ ಪ್ರತ್ಯೇಕ ಪರೀಕ್ಷೆ ಇಲ್ಲ. ಇಂಟರ್ನ್‌ಶಿಪ್‌ನಲ್ಲಿ ಸಿಗುವುದು ಎರಡು ವಾರ. ಆ ಎರಡು ವಾರ ಕಳೆದ ಹುಡುಗ ಹುಡುಗಿಯರೇ ನಾಳೆ ಮಳವಳ್ಳಿಯಲ್ಲೋ ಹುಣಸೂರಿನಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್. ನಿದ್ದೆ ಬರುತ್ತಿಲ್ಲ ಎಂದು ಮಗನನ್ನು ಕರೆತರುವ ತಾಯಿ ಮೊದಲು ನೋಡುವುದು ಅವರನ್ನೇ. ಅವರು ನಿದ್ದೆ ಮಾತ್ರೆ ಬರೆದು ಕಳಿಸುತ್ತಾರಾ, ಇಲ್ಲ ಇನ್ನೊಂದು ಪ್ರಶ್ನೆ ಕೇಳುತ್ತಾರಾ? ಅಂತರದ ತಿಂಗಳುಗಳು ಉಳಿಯುವುದೂ ಹೋಗುವುದೂ ಇಲ್ಲೇ.

ಆ ಇನ್ನೊಂದು ಪ್ರಶ್ನೆ ಕೇಳುವುದನ್ನು ಕಲಿಸುವುದೇ ಮೇಷ್ಟರ ಕೆಲಸ. "ಯಾರೂ ಇಲ್ಲದಾಗ ಯಾರೋ ಮಾತಾಡಿದ ಹಾಗೆ ಕೇಳಿಸುತ್ತಾ?" ಎಂದು ಜ್ವರ ವಿಚಾರಿಸಿದಷ್ಟೇ ಸಹಜವಾಗಿ ಕೇಳಬೇಕು. ಹೊಸಬರು ಇದನ್ನು ಕೇಳಲು ಹಿಂಜರಿಯುತ್ತಾರೆ, ರೋಗಿಗೆ ಬೇಜಾರಾದೀತು ಅಂತ. ನಿಜದಲ್ಲಿ ಎಷ್ಟೋ ರೋಗಿಗಳಿಗೆ ಆ ಪ್ರಶ್ನೆಯಿಂದ ಸಮಾಧಾನವಾಗುತ್ತದೆ. ಕೊನೆಗೂ ಒಬ್ಬರು ಕೇಳಿದರಲ್ಲ! ಇನ್ನೊಂದು ಕಷ್ಟ, ನಂಬಿಕೆಯ ಜೊತೆ ಹೇಗೆ ಮಾತಾಡುವುದು ಎಂಬುದು. "ಊಟಕ್ಕೆ ವಿಷ ಹಾಕಿದ್ದಾರೆ" ಅಂದವರ ಜೊತೆ ವಾದಕ್ಕಿಳಿದರೆ ನೀವೂ ಶತ್ರುಗಳ ಸಾಲಿಗೆ ಸೇರುತ್ತೀರಿ. ಹೌದು ಎಂದು ತಲೆಯಾಡಿಸಿದರೆ ನಂಬಿಕೆ ಇನ್ನಷ್ಟು ಗಟ್ಟಿ. "ಹಾಗೆ ಅನ್ನಿಸಿದರೆ ಯಾರಿಗಾದರೂ ಭಯವಾಗುತ್ತೆ. ರಾತ್ರಿ ನಿದ್ದೆ ಬರ್ತಾ ಇದೆಯಾ? ಅದಕ್ಕೊಂದು ದಾರಿ ನೋಡೋಣ" ಎಂದು ಭಯದ ಕಡೆಯಿಂದ ಒಳಗೆ ಹೋಗಬೇಕು. ಇದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ಅನುಭವಿ ವೈದ್ಯರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಅವರು ಎಲ್ಲಿ ಸುಮ್ಮನಾದರು, ಯಾವಾಗ ತಾಯಿಯನ್ನು ಹೊರಗೆ ಕಳಿಸಿದರು ಎಂದು ನೋಡಿ ಕಲಿಯಬೇಕು.

ವೈದ್ಯರಿಗಷ್ಟೇ ಪಾಠ ಮಾಡಿದರೆ ಸಾಲದು. ಭಾರತದಲ್ಲಿ ಒಂದು ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಪೂರ್ತಿಯಾಗಿ ಸಿಗುವುದಿಲ್ಲ. ಹಾಗಾಗಿ ಕಲಿತದ್ದನ್ನು ಹಂಚಲೇಬೇಕು. ನಾಗಮಂಗಲದ ಪಕ್ಕದ ತುರುವೇಕೆರೆ ತಾಲ್ಲೂಕಿನಲ್ಲಿ, ಅದಕ್ಕೂ ಮೊದಲು ತೀರ್ಥಹಳ್ಳಿಯಲ್ಲಿ, ನಿಮ್ಹಾನ್ಸ್‌ನ ತಂಡ ಇದನ್ನೇ ಮಾಡಿತು. ಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಆಶಾ ಕಾರ್ಯಕರ್ತೆಯರಂಥವರ ನೆರವಿನಿಂದ ಗುರುತಿಸಿ, ಊರಿನ ಹತ್ತಿರವೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನು ಬಿಡದೆ ನೋಡಿಕೊಂಡಿತು. ಯಾವ ಮನೆಯಲ್ಲಿ ಯಾರು ಹೊರಗೆ ಬರುತ್ತಿಲ್ಲ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುವಷ್ಟು ಯಾವ ಪ್ರೊಫೆಸರಿಗೆ ಗೊತ್ತು ಹೇಳಿ?

ಹೀಗೆ ಕಲಿಸಿದರೆ ಅಂತರ ನಿಜವಾಗಿ ತಗ್ಗುತ್ತದಾ? ನಾರ್ವೆಯಲ್ಲಿ ಪರೀಕ್ಷಿಸಿ ನೋಡಿದ್ದಾರೆ. ರೋಗಲಾಂಡ್ ಎಂಬ ಪ್ರಾಂತ್ಯದಲ್ಲಿ ಪತ್ರಿಕೆ, ರೇಡಿಯೊ, ಶಾಲೆಗಳ ಮೂಲಕ ಸೈಕೋಸಿಸ್‌ನ ಲಕ್ಷಣ ತಿಳಿಸಿದರು, ಕರೆ ಬಂದರೆ ಬೇಗ ಹೋಗಿ ನೋಡುವ ತಂಡ ಕಟ್ಟಿದರು. ಬೇರೆ ಕಡೆ ಚಿಕಿತ್ಸೆ ಶುರುವಾಗಲು ಮಧ್ಯದ ಲೆಕ್ಕದಲ್ಲಿ (ಅರ್ಧ ಜನರಿಗೆ ಇದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು) 16 ವಾರ ಹಿಡಿಯುತ್ತಿದ್ದಾಗ ಇಲ್ಲಿ 5 ವಾರಕ್ಕೆ ಇಳಿಯಿತು. ಹತ್ತು ವರ್ಷದ ನಂತರ ನೋಡಿದಾಗ ಚೇತರಿಸಿಕೊಂಡವರ ಪ್ರಮಾಣ ಬೇರೆ ಕಡೆಗಿಂತ ಎರಡು ಪಟ್ಟು. ಪ್ರಚಾರ ನಿಲ್ಲಿಸಿದಾಗ ಏನಾಯಿತು ಗೊತ್ತಾ? 5 ವಾರ ಇದ್ದದ್ದು ಮತ್ತೆ 15ಕ್ಕೆ ಹೋಯಿತು. ಒಂದು ಸಲ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡರೆ ಆಗುವ ಕೆಲಸವಲ್ಲ ಇದು, ಅಲ್ವಾ? ವರ್ಷ ವರ್ಷವೂ ಮಾಡಬೇಕು, ಅದಕ್ಕೆ ಹಣ ಬೇಕು, ನಿಯಮ ಬೇಕು.

ಸಂಘಟನೆಯ ನಾಯಕತ್ವ ಮುಖ್ಯವಾಗುವುದು ಆಗ. ಭಾರತೀಯ ಮನೋವೈದ್ಯರ ಸಂಘ ಹುಟ್ಟಿದ್ದು 1947ರಲ್ಲಿ. ಚಿಕಿತ್ಸೆಯ ಮಾರ್ಗಸೂಚಿ ಬರೆಯುವುದು, ಪತ್ರಿಕೆ ನಡೆಸುವುದು, ಕಾನೂನಿನ ಕರಡು ಬಂದಾಗ ಅಭಿಪ್ರಾಯ ಹೇಳುವುದು ಇಂಥ ಸಂಘಗಳ ಕೆಲಸ. ಹೊರಗಿನವರಿಗೆ ಇದೆಲ್ಲ ಸಭೆ, ಸನ್ಮಾನ, ಹಾರ ತುರಾಯಿಯಾಗಿ ಕಾಣಬಹುದು. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಖಾಸಗಿ ವಸತಿಯೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸತ್ತರು. ಅಂಥದ್ದು ಮತ್ತೆ ಆಗಬಾರದು ಎಂದರೆ ಕಾನೂನೇ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಕಟ್ಟುವುದನ್ನು ನಿಷೇಧಿಸಿತು. ಅರಿವಳಿಕೆ ಕೊಡದೆ ಕರೆಂಟ್ ಚಿಕಿತ್ಸೆ ಕೊಡುವಂತಿಲ್ಲ ಎಂದಿತು. ದೇಹದ ಕಾಯಿಲೆಗೆ ಇರುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಸಿಗಬೇಕು ಎಂದಿತು. ಮುಂದೆ ಕಾಯಿಲೆ ಜೋರಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ರೋಗಿ ಮೊದಲೇ ಬರೆದಿಡಬಹುದು. ಮನೆಯವರೇ ಎಲ್ಲ ನೋಡಿಕೊಳ್ಳುವ ನಮ್ಮ ದೇಶಕ್ಕೆ ಇದು ಹೊಂದುತ್ತದಾ ಎಂದು ಮನೋವೈದ್ಯರ ನಡುವೆಯೇ ಜೋರು ಚರ್ಚೆ ನಡೆಯಿತು. ನಡೆಯಲಿ. ರೋಗಿಯ ಮಾತನ್ನು ಕೇಳಿಸಿಕೊಳ್ಳುವ ಕಾನೂನು ಇರುವುದೇ ಒಳ್ಳೆಯದು ಎಂದು ನನಗನ್ನಿಸುತ್ತದೆ.

ಚಿಕಿತ್ಸೆಯೂ ಕೋಣೆಯ ಹೊರಗಿನ ಕೆಲಸವೂ ಒಬ್ಬರ ಬದುಕಿನಲ್ಲಿ ಹೇಗೆ ಸೇರುತ್ತವೆ ಎಂದು ನೋಡಬೇಕಾದರೆ ಡಾ. ಎಂ. ಶಾರದಾ ಮೆನನ್ ಅವರನ್ನು ನೋಡಿ. ಮಂಗಳೂರಿನಲ್ಲಿ 1923ರಲ್ಲಿ ಹುಟ್ಟಿದವರು. ಮನೋವೈದ್ಯಕೀಯ ಕಲಿತದ್ದು ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ. ಭಾರತದ ಮೊದಲ ಮಹಿಳಾ ಮನೋವೈದ್ಯೆ ಎಂದು ಅವರನ್ನು ಗುರುತಿಸುತ್ತಾರೆ. 1961ರಿಂದ 1978ರವರೆಗೆ ಚೆನ್ನೈನ ಕೀಲ್ಪಾಕ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಿಲ್ಲ. 1984ರಲ್ಲಿ ಸ್ಕಿಜೋಫ್ರೇನಿಯಾಕ್ಕೆಂದೇ ಸ್ಕಾರ್ಫ್ ಸಂಸ್ಥೆ ಕಟ್ಟಿದರು. ಚಿಕಿತ್ಸೆ, ಪುನರ್ವಸತಿ, ಸಂಶೋಧನೆ ಮೂರೂ ಅಲ್ಲಿ ನಡೆಯುತ್ತವೆ. ಅವರಿಗೆ 1992ರಲ್ಲಿ ಪದ್ಮಭೂಷಣ ಬಂತು. 2021ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಮೈಸೂರು, ಮಂಡ್ಯದವರು ಈಗ ಎಲ್ಲಿಗೆ ಹೋಗಬೇಕು? ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದ ಮಿಮ್ಸ್, ನಾಗಮಂಗಲ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಇವೆಲ್ಲ ಕಡೆ ಮನೋವೈದ್ಯಕೀಯ ವಿಭಾಗವಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ. ಯಾವ ಹೊತ್ತಿನಲ್ಲಾದರೂ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ದೇವರಿಗೆ ಹರಕೆ ಹೊತ್ತಿದ್ದರೆ ತೀರಿಸಿ, ಯಾರೂ ಬೇಡ ಅನ್ನುವುದಿಲ್ಲ. ಆಸ್ಪತ್ರೆಗೂ ಅದೇ ವಾರ ಹೋಗಿ. ಹುಡುಗ ಬರಲು ಒಪ್ಪದಿದ್ದರೆ ಮೊದಲು ಮನೆಯವರೇ ಹೋಗಿ ವೈದ್ಯರ ಸಲಹೆ ಕೇಳಬಹುದು. ತಾನು ಸಾಯುತ್ತೇನೆ ಅಥವಾ ಯಾರಿಗಾದರೂ ಏನಾದರೂ ಮಾಡುತ್ತೇನೆ ಎಂಬ ಮಾತು ಬಂದಿದ್ದರೆ, ಊಟ ನೀರು ಬಿಟ್ಟಿದ್ದರೆ, ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಹೋಗುವಾಗ ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ, ನಾಟಿ ಔಷಧಿ ಇದ್ದರೆ ಅದೂ ಸೇರಿ. ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಕಾಲೇಜು ಬಿಟ್ಟದ್ದು ಯಾವ ತಿಂಗಳು, ನಿದ್ದೆ ಕೆಟ್ಟದ್ದು ಯಾವಾಗ, ಒಬ್ಬನೇ ಮಾತಾಡುವುದನ್ನು ಮೊದಲು ಯಾರು ನೋಡಿದ್ದು. ವೈದ್ಯರು ಮೊದಲು ಕೇಳುವುದು ಇದನ್ನೇ.